ಟ್ರಾನ್ಸ್‌ಫಾರ್ಮರ್ ದುಡ್ಡು ಉಳಿಸೋಕೆ ಹೋಗಿ ಅಮ್ಮನಿಗೆ ಕರೆಂಟ್ ಹೊಡೆಸಿದೆ: ಅಲ್ಟ್ರಾಸಾನಿಕ್ ಅಲಾರಂ ಮಾಡುವವರು ಓದಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ನೀವೇ ಮಾಡುವ ಸರ್ಕ್ಯೂಟ್‌ಗೆ, ಅದರಲ್ಲೂ ಯಾರಾದರೂ ಕೈಯಲ್ಲಿ ಮುಟ್ಟಬಹುದಾದ ಡಬ್ಬಿಯೊಳಗೆ ಕೂರುವಂಥದ್ದಕ್ಕೆ, ಟ್ರಾನ್ಸ್‌ಫಾರ್ಮರ್ ಇಲ್ಲದ ಕೆಪಾಸಿಟರ್ ಸಪ್ಲೈ, ಅಂದರೆ ಮನೆಯ 230 ವೋಲ್ಟನ್ನು ಬರೀ ಒಂದು ಕೆಪಾಸಿಟರ್ ಮೂಲಕ ಇಳಿಸಿ ಕೊಡೋದು, ಹಾಕಬೇಡಿ. ನಾನು ಹಾಕಿದೆ. ಮೂರು ವಾರ ತಲೆ ಕೆಡಿಸಿಕೊಂಡೆ, ಅದು ಹೋಗಲಿ. ಅಮ್ಮನಿಗೆ ಕರೆಂಟ್ ಹೊಡೆಯಿತು. ಅದು ಹೇಗಾಯ್ತು ಅಂತ ಬರೆಯುತ್ತಿದ್ದೇನೆ, ಬೈಯುವವರು ಬೈಯಿರಿ.

ನಮ್ಮದು ಸಾಗರದ ಕಡೆ. ಮನೆಗೆ ತಾಗಿಕೊಂಡು ಒಂದು ಕೋಣೆ ಇದೆ, ಸುಲಿದು ಒಣಗಿಸಿದ ಅಡಿಕೆ ಮೂಟೆ ಇಡೋದು ಅಲ್ಲೇ. ಅಡಿಕೆ ರೇಟು ಏರಿದಾಗೆಲ್ಲ ಊರಲ್ಲಿ ಕಳ್ಳತನದ ಮಾತು ಶುರುವಾಗುತ್ತೆ. ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದಿದವನು. ಈಗ ಮಾಡ್ತಿರೋದು ಬೇರೆ ಕೆಲಸ, ಆದರೆ ಸೋಲ್ಡರಿಂಗ್ ಐರನ್ ಕಂಡರೆ ಕೈ ಸುಮ್ನಿರಲ್ಲ. ಅಂಗಡಿಯಲ್ಲಿ ಸಿಗೋ ಮೈ ಬಿಸಿ ನೋಡಿ ಓಡಾಟ ಹಿಡಿಯುವ ಪಿಐಆರ್ ಸೆನ್ಸರ್ ತಂದು ಹಾಕಿದ್ದರೆ ಅರ್ಧ ದಿನದ ಕೆಲಸ. ತಗಡಿನ ಮಾಡು, ಬೇಸಿಗೆಯಲ್ಲಿ ಒಳಗಿನ ಬಿಸಿ ಮೈ ಬಿಸಿಯ ಹತ್ತಿರಕ್ಕೆ ಹೋದರೆ ಪಿಐಆರ್ ಮಂಕಾಗುತ್ತೆ ಅನ್ನೋ ನೆಪ ಹೇಳಿಕೊಂಡು ಅಲ್ಟ್ರಾಸಾನಿಕ್, ಅಂದರೆ ಕಿವಿಗೆ ಕೇಳದ ಶಬ್ದದಲ್ಲಿ ಓಡಾಟ ಹಿಡಿಯುವ ಅಲಾರಂ, ಮಾಡ್ತೀನಿ ಅಂತ ಹೊರಟೆ. ನೆಪ ಅಂತ ಯಾಕಂದೆ ಅಂದ್ರೆ ನಿಜವಾದ ಕಾರಣ ಚಪಲ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಲ್ಲಿ 40 ಕಿಲೋಹರ್ಟ್ಝ್ ಟ್ರಾನ್ಸ್‌ಡ್ಯೂಸರ್ ಒಂದು ಜೋಡಿ ತಂದೆ. ಕೆಲಸ ಹೀಗೆ: 555 ಐಸಿ 40 ಕಿಲೋಹರ್ಟ್ಝ್ ಹುಟ್ಟಿಸುತ್ತೆ, ಒಂದು ಟ್ರಾನ್ಸ್‌ಡ್ಯೂಸರ್ ಅದನ್ನು ಕೋಣೆ ತುಂಬ ಚೆಲ್ಲುತ್ತೆ, ಇನ್ನೊಂದು ಗೋಡೆ, ಮೂಟೆ ಎಲ್ಲಕ್ಕೂ ಬಡಿದು ವಾಪಸ್ ಬಂದಿದ್ದನ್ನು ಕೇಳುತ್ತೆ. ಯಾರೂ ಅಲ್ಲಾಡದಿದ್ದರೆ ಬರೋದು ಒಂದೇ ಸಮ. ಒಬ್ಬ ಮನುಷ್ಯ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹತ್ತಿರ ಬಂದರೆ ವಾಪಸ್ ಬರುವ ಫ್ರೀಕ್ವೆನ್ಸಿ ಸುಮಾರು 230 ಹರ್ಟ್ಝ್ ಜಾಸ್ತಿಯಾಗುತ್ತೆ. ಹಳೆಯದು ಹೊಸದು ಸೇರಿ ಸಿಗ್ನಲ್ ತೊನೆದಾಡುತ್ತೆ. ಆ ತೊನೆದಾಟವನ್ನು ಡಯೋಡ್ ಹಾಕಿ ಹಿಡಿದು, ದೊಡ್ಡದು ಮಾಡಿ, ಟೈಮರ್‌ಗೆ ಕೊಟ್ಟು ರಿಲೇ (ಒಳಗಿನ ಕಾಯಿಲ್‌ಗೆ ಕರೆಂಟ್ ಕೊಟ್ಟರೆ ತಾನೇ ಕೂಡಿಕೊಳ್ಳುವ ಸ್ವಿಚ್) ಎಳೆಸಬೇಕು. ರಿಲೇ ನಮ್ಮ ಮನೆಯ ಹಳೇ ಕರೆಂಟ್ ಬೆಲ್ ಬಾರಿಸುತ್ತೆ. ಅಷ್ಟೇ.

ಬ್ರೆಡ್‌ಬೋರ್ಡ್ ಮೇಲೆ ಸಣ್ಣಪುಟ್ಟ ಕಾಟ ಇತ್ತು. ಸಿಗ್ನಲ್ ದೊಡ್ಡದು ಮಾಡೋಕೆ ಮೊದಲು ಎಲ್‌ಎಂ324 ಅನ್ನೋ ಐಸಿ ಹಾಕಿ ಒಂದೇ ಹಂತದಲ್ಲಿ ನೂರು ಪಟ್ಟು ಗೇನ್ (ಹಿಗ್ಗಿಸುವ ಪ್ರಮಾಣ) ಕೇಳಿದ್ದೆ. ಪಾಪ ಅದರ ಶಕ್ತಿ 40 ಕಿಲೋಹರ್ಟ್ಝ್‌ನಲ್ಲಿ 25 ಪಟ್ಟಿಗೇ ಮುಗಿಯುತ್ತೆ. ಟಿಎಲ್074 ಹಾಕಿ ಗೇನ್ ಎರಡು ಹಂತಕ್ಕೆ ಹಂಚಿದೆ, ಸರಿಹೋಯ್ತು. ಇನ್ನೊಂದು ತೊಂದರೆ, ಶಬ್ದ ಹೊರಗೆ ಬರ್ತಾ ಇದೆಯೋ ಇಲ್ಲವೋ ನಮಗೆ ಕೇಳಿಸೋದೇ ಇಲ್ಲ. ಅಗ್ಗದ ಮಲ್ಟಿಮೀಟರ್‌ನ ಎಸಿ ರೇಂಜ್ ಅಷ್ಟು ಮೇಲಿನ ಫ್ರೀಕ್ವೆನ್ಸಿಗೆ ನಂಬೋಕಾಗಲ್ಲ, ಲ್ಯಾಪ್‌ಟಾಪ್ ಮೈಕಿಗೂ ಅದು ಎಟುಕಲ್ಲ. ನನ್ನ ಕಷ್ಟ ತೀರಿಸಿದ್ದು ನಮ್ಮನೆ ಬೆಕ್ಕು. ಬೆಕ್ಕಿಗೆ 60 ಕಿಲೋಹರ್ಟ್ಝ್ ಆಚೆಗೂ ಕೇಳುತ್ತೆ. ಮೂಟೆ ಮೇಲೆ ನಿದ್ದೆ ಮಾಡ್ತಿದ್ದದ್ದು ನಾನು ಬ್ಯಾಟರಿ ಕೊಟ್ಟ ಕೂಡಲೇ ಕಣ್ಣು ಬಿಡದೆ ಒಂದೇ ಕಿವಿಯನ್ನು ಟ್ರಾನ್ಸ್‌ಡ್ಯೂಸರ್ ಕಡೆ ತಿರುಗಿಸಿತು. ಬ್ಯಾಟರಿ ತೆಗೆದೆ, ಕಿವಿ ವಾಪಸ್. ನಾಲ್ಕು ಸಲ ಮಾಡಿದ ಮೇಲೆ ಎದ್ದು ನನ್ನ ಮುಖ ನೋಡಿ ಹೊರಗೆ ಹೋಯ್ತು.

12 ವೋಲ್ಟ್ ಅಡಾಪ್ಟರ್‌ನಲ್ಲಿ ಎರಡು ದಿನ ಚೆನ್ನಾಗಿ ಓಡಿತು. ಬಾಗಿಲಿಂದ ಎರಡು ಹೆಜ್ಜೆ ಒಳಗೆ ಇಟ್ಟರೆ ಟಕ್ ಅಂತ ರಿಲೇ, ಬೆಲ್ಲು.

ತಪ್ಪು ಮಾಡಿದ್ದು ಇಲ್ಲಿಂದ ಮುಂದೆ. ಅಡಾಪ್ಟರ್ ಮನೆಯ ವೈಫೈಗೆ ಬೇಕಿತ್ತು. ಹೊಸ ಅಡಾಪ್ಟರೋ ಟ್ರಾನ್ಸ್‌ಫಾರ್ಮರೋ ತರೋಕೆ ನೂರೈವತ್ತು ರೂಪಾಯಿ, ಪೇಟೆಗೆ ಹೋಗಬೇಕು, ಹೊರಗೆ ಮಳೆ. ಮನೆಯಲ್ಲಿ 0.47 ಮೈಕ್ರೋಫ್ಯಾರಡ್‌ನ 400 ವೋಲ್ಟ್ ಕೆಪಾಸಿಟರ್ ಬಿದ್ದಿತ್ತು. ಯಾವುದೋ ವಿಡಿಯೋದಲ್ಲಿ ನೋಡಿದ್ದೆ: 230 ವೋಲ್ಟ್‌ಗೆ ಸರಣಿಯಲ್ಲಿ ಅದನ್ನು ಹಾಕು, ಎಸಿಯನ್ನು ಡಿಸಿ ಮಾಡೋಕೆ ಡಯೋಡ್ ಬ್ರಿಜ್ ಹಾಕು, ವೋಲ್ಟೇಜ್ ಹಿಡಿದಿಡೋಕೆ 12 ವೋಲ್ಟ್ ಝೀನರ್ ಹಾಕು, 470 ಮೈಕ್ರೋಫ್ಯಾರಡ್ ಹಾಕು, ಆಯ್ತು. ಬೆರಳುಗಾತ್ರದ ಸಪ್ಲೈ. ನೋಡಿದವನಿಗೆ ಎಂಥ ಜಾಣತನ ಅನ್ನಿಸುತ್ತೆ. ಅದೇ ದಿನ ಸರ್ಕ್ಯೂಟನ್ನು ಪಿಸಿಬಿಗೆ ಸೋಲ್ಡರ್ ಮಾಡಿದೆ, ಚಕ್ಕುಲಿ ಇಡ್ತಿದ್ದ ಹಳೇ ಸ್ಟೀಲ್ ಡಬ್ಬಿಗೆ ಎರಡು ತೂತು ಕೊರೆದು ಟ್ರಾನ್ಸ್‌ಡ್ಯೂಸರ್ ಕೂರಿಸಿದೆ, ಮತ್ತೆ ಆಚೀಚಿನ ವೈರುಗಳ ಕರೆಂಟ್ ಗದ್ದಲ ಒಳಗೆ ಬರದಿರಲಿ ಅಂತ ಡಬ್ಬಿಯನ್ನೇ ಸರ್ಕ್ಯೂಟಿನ ಗ್ರೌಂಡ್‌ಗೆ ಸೇರಿಸಿದೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಸ್ವಿಚ್ ಹಾಕಿದೆ. ಒಂದು ನಿಮಿಷ ಸುಮ್ಮನಿತ್ತು. ನಾನು ಕೈ ಬೀಸಿದೆ. ಟಕ್. ಆಮೇಲೆ ನಿಲ್ಲಲೇ ಇಲ್ಲ. ಟಕ್, ಟಕ್, ಟಕ್, ಬೆಲ್ಲು ಬಿಕ್ಕಳಿಕೆ ಬಂದವರ ಹಾಗೆ ಬಾರಿಸ್ತಾ ಇದೆ. ಕೋಣೆಯಿಂದ ಹೊರಗೆ ಬಂದು ಬಾಗಿಲು ಹಾಕಿದರೂ ಅದೇ.

ಒಟ್ಟಿಗೆ ಮೂರು ಬದಲಾವಣೆ ಮಾಡಿದ್ದೆ ಅಲ್ವಾ, ಪಿಸಿಬಿ, ಡಬ್ಬಿ, ಸಪ್ಲೈ. ತಿಳಿದವನಾದರೆ ಒಂದೊಂದಾಗಿ ವಾಪಸ್ ಹೋಗ್ತಿದ್ದ. ನಾನು ಸೀದಾ ಸೆನ್ಸರ್ ಮೇಲೆ ಗುಮಾನಿ ಪಟ್ಟೆ. ಸ್ಟೀಲ್ ಮೂಲಕ ಶಬ್ದ ನೇರವಾಗಿ ದಾಟ್ತಾ ಇದೆ ಅಂತ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಟ್ರಾನ್ಸ್‌ಡ್ಯೂಸರ್ ಸುತ್ತ ರಬ್ಬರ್ ಉಂಗುರ ಹಾಕಿದೆ. ಇಲಿ ಓಡಾಡ್ತಾ ಇರಬೇಕು ಅಂತ ಬೋನು ಇಟ್ಟೆ, ಎರಡು ಇಲಿ ಬಿದ್ದವು, ಟಕಟಕ ಹೋಗಲಿಲ್ಲ. ಫ್ರೀಕ್ವೆನ್ಸಿ ಜಾರಿದೆ ಅಂತ ಅದನ್ನು ಹೊಂದಿಸುವ ಪ್ರೀಸೆಟ್ (ಸ್ಕ್ರೂ ಥರ ತಿರುಗಿಸುವ ರೆಸಿಸ್ಟರ್) ತಿರುಗಿಸಿದ್ದೇ ತಿರುಗಿಸಿದ್ದು. ಆ ಪ್ರೀಸೆಟ್ ತಿರುಗಿಸಿದ್ದು ಕರೆಂಟ್ ಹಾಕಿಕೊಂಡೇ, ಸಣ್ಣ ಸ್ಕ್ರೂಡ್ರೈವರ್‌ನಲ್ಲಿ, ಇನ್ನೊಂದು ಕೈ ಮರದ ಮೇಜಿನ ಮೇಲೆ ಊರಿಕೊಂಡು. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ತಣ್ಣಗಾಗುತ್ತೆ.

ವೋಲ್ಟೇಜ್ ನೋಡಲಿಲ್ವಾ ಅಂತ ಕೇಳ್ತೀರಿ. ನೋಡಿದೆ. 12.1. ಆದರೆ ನೋಡಿದ್ದು ರಿಲೇ ಸುಮ್ಮನಿದ್ದಾಗ. ಟಕಟಕ ಅನ್ನುವಾಗ ಮೀಟರ್‌ನಲ್ಲಿ ಅಂಕಿ ಕುಣಿಯುತ್ತಿತ್ತು, ರಿಲೇ ಗಲಾಟೆಗೆ ಹಾಗೆ ತೋರಿಸುತ್ತೆ ಅಂದುಕೊಂಡೆ. ಡಬ್ಬಿ ಮುಂದಿನ ಕೆಂಪು ಎಲ್‌ಇಡಿ ಕೂಡ ಪ್ರತಿ ಟಕ್‌ಗೂ ಕಣ್ಣು ಮುಚ್ಚಿ ತೆಗೆದ ಹಾಗೆ ಮಂಕಾಗಿ ಬೆಳಗುತ್ತಿತ್ತು. ಮೂರು ವಾರ ಅದು ನನ್ನ ಮುಖಕ್ಕೇ ಹೇಳ್ತಾ ಇತ್ತು, ನನಗೆ ಅರ್ಥವಾಗಲಿಲ್ಲ.

ಒಂದು ಬೆಳಿಗ್ಗೆ ನಾನು ತಿಂಡಿಗೆ ಕೂತಿದ್ದೆ. ಅಮ್ಮ ಕೋಣೆ ಗುಡಿಸೋಕೆ ಹೋದರು. ಡಬ್ಬಿ ಇದ್ದದ್ದು ಎತ್ತರದಲ್ಲಿ, ಅಡ್ಡ ಹಲಗೆ ಮೇಲೆ. ಬೆಲ್ಲಿನ ವೈರು ಬಿಚ್ಚಿಟ್ಟಿದ್ದೆ, ಆದರೆ ಪ್ಲಗ್ ತೆಗೆದಿರಲಿಲ್ಲ. ಅಮ್ಮ ಒಣ ಅಡಿಕೆ ಮೂಟೆ ಹತ್ತಿ ನಿಂತು, ಹಲಗೆಯ ಜೇಡರ ಬಲೆ ತೆಗೆದು, ಒದ್ದೆ ಬಟ್ಟೆಯಲ್ಲಿ ಡಬ್ಬಿ ಒರೆಸಿದ್ದಾರೆ. ಎಡಗೈ ಗೋಡೆಗೆ ಆನಿಸಿತ್ತು, ಮಳೆಗಾಲದ ಗೋಡೆ. ಒಂದು ಕೂಗು ಕೇಳಿಸಿತು, ಆಮೇಲೆ ಏನೋ ಬಿದ್ದ ಸದ್ದು. ಓಡಿ ಹೋದೆ. ಅಮ್ಮ ಮೂಟೆಗಳ ನಡುವೆ ಕೂತಿದ್ದರು, ಮೊಣಕೈ ಹಿಡಿದುಕೊಂಡು. "ಎಂತ ಇಟ್ಟಿದ್ದೀಯ ಮಾರಾಯ ಅದರೊಳಗೆ? ಭುಜದ ತನಕ ಜುಂ ಅಂತು" ಅಂದರು. ಬಟ್ಟೆ ಇನ್ನೂ ಕೈಯಲ್ಲೇ ಇತ್ತು.

ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕಾಲ ಕೆಳಗೆ ಒಣ ಗೋಣಿಚೀಲ ಇತ್ತು, ಅದು ಪುಣ್ಯ. ಅವರು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿದ್ದರೆ ಏನಾಗ್ತಿತ್ತೋ. ನಮ್ಮದು ಹಳೇ ವೈರಿಂಗು, ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಆರ್‌ಸಿಸಿಬಿ ಕೂಡ ಇರಲಿಲ್ಲ. ಕೈ ನಡುಗುತ್ತಲೇ ಟೆಸ್ಟರ್ ತಂದು ಡಬ್ಬಿಗೆ ಮುಟ್ಟಿಸಿದೆ. ಚಕ್ಕುಲಿ ಡಬ್ಬಿ, ಕೆಂಪಗೆ ಉರಿಯಿತು.

ಪ್ಲಗ್ ಕಿತ್ತು ಮಧ್ಯಾಹ್ನವೇ ಪೇಟೆಗೆ ಒಯ್ದೆ. ಅಲ್ಲಿ ಒಬ್ಬ ಹಿರಿಯರು ಟಿವಿ, ರೇಡಿಯೋ ರಿಪೇರಿ ಮಾಡ್ತಾರೆ. ಅವರ ಹತ್ತಿರ ಸಿಗ್ನಲನ್ನು ಪರದೆ ಮೇಲೆ ತೋರಿಸುವ ಸ್ಕೋಪ್ ಇದೆ, ಸ್ವಲ್ಪ ಸಿಗ್ನಲ್ ನೋಡಿಕೊಡಿ ಅಂತ ಕೇಳಿದೆ. ಡಬ್ಬಿ ಮುಚ್ಚಳ ತೆಗೆದರು, ಒಂದು ಗಳಿಗೆ ನೋಡಿದರು. "ಟ್ರಾನ್ಸ್‌ಫಾರ್ಮರ್ ಎಲ್ಲಿ ತಮ್ಮಾ?" ಇಲ್ಲ ಅಂದೆ. "ಹಾಗಾದ್ರೆ ಇದಕ್ಕೆ ನನ್ನ ಸ್ಕೋಪ್ ಹಾಕಲ್ಲ. ಕ್ಲಿಪ್ ಹಾಕಿದ ಕೂಡಲೇ ಢಂ ಅನ್ನುತ್ತೆ." ಸ್ಕೋಪಿನ ಕ್ಲಿಪ್ ಅರ್ತಿಂಗ್‌ಗೆ ಸೇರಿರುತ್ತೆ, ನನ್ನ ಸರ್ಕ್ಯೂಟಿನ ಗ್ರೌಂಡ್ ಕರೆಂಟ್ ಲೈನಿಗೇ ಸೇರಿದೆ, ಎರಡೂ ಮುಟ್ಟಿದರೆ ನೇರ ಶಾರ್ಟ್.

ಆಮೇಲೆ ಅವರು ಒಂದು ಹಾಳೆಯ ಹಿಂದೆ ಲೆಕ್ಕ ಹಾಕಿದರು. 0.47 ಮೈಕ್ರೋಫ್ಯಾರಡ್ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಝ್‌ನಲ್ಲಿ ಬಿಡೋದು ಸುಮಾರು 30 ಮಿಲಿಆಂಪ್. ಅದಕ್ಕಿಂತ ಜಾಸ್ತಿ ಏನು ಮಾಡಿದರೂ ಬರಲ್ಲ. 555, ಟಿಎಲ್074, ಎಲ್‌ಇಡಿ ಸೇರಿ ಆಗಲೇ ಇಪ್ಪತ್ತರ ಮೇಲೆ ತಿನ್ನುತ್ತೆ. ನನ್ನ 12 ವೋಲ್ಟ್ ರಿಲೇ ಕಾಯಿಲ್ 400 ಓಂ, ಅಂದರೆ ಅದೊಂದಕ್ಕೇ ಇನ್ನೂ 30 ಬೇಕು. ರಿಲೇ ಎಳೆದ ಕೂಡಲೇ ವೋಲ್ಟೇಜ್ ಕುಸಿಯುತ್ತೆ, ರಿಲೇ ಬಿಡುತ್ತೆ, ವೋಲ್ಟೇಜ್ ಮತ್ತೆ ಏರುತ್ತೆ. ಆ ಏರಿಳಿತದಲ್ಲಿ ಹೊರಗೆ ಹೋಗುವ ಶಬ್ದವೂ ಚಿಕ್ಕದು ದೊಡ್ಡದು ಆಗುತ್ತಲ್ಲ, ರಿಸೀವರ್‌ಗೆ ಅದು ಯಾರೋ ಅಲ್ಲಾಡಿದ ಹಾಗೇ ಕಾಣುತ್ತೆ. ಮತ್ತೆ ಟಕ್. ಅಂದರೆ ಮೂರು ವಾರ ಆ ಅಲಾರಂ ತನ್ನನ್ನೇ ತಾನು ಕಳ್ಳ ಅಂತ ಹಿಡೀತಾ ಇತ್ತು. ಅವರು ರಿಲೇ ಕಿತ್ತು ಒಂದು ಎಲ್‌ಇಡಿ ಹಾಕಿ, ಅಂಗಡಿಯ 12 ವೋಲ್ಟ್ ಸಪ್ಲೈ ಕೊಟ್ಟು ಕೈ ಬೀಸಿದರು. ಹೊತ್ತಿತು, ಆರಿತು. ಆಮೇಲೆ ಅದೇ ಸಪ್ಲೈನಲ್ಲಿ ರಿಲೇ ವಾಪಸ್ ಹಾಕಿದರು, ಒಂದೇ ಟಕ್. ನಾನು ಬೈದ ಟ್ರಾನ್ಸ್‌ಡ್ಯೂಸರ್‌ಗಳಲ್ಲಿ ಏನೂ ತಪ್ಪಿರಲಿಲ್ಲ.

ಕರೆಂಟ್ ಹೊಡೆದದ್ದರ ವಿಷಯ ಇನ್ನೂ ಕೆಟ್ಟದು. ನಾನು ಎರಡು ಪಿನ್ನಿನ ಪ್ಲಗ್ ಹಾಕಿದ್ದೆ. ಅದನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು. ಕೆಪಾಸಿಟರ್ ಫೇಸ್ ಕಡೆ ಬಂದರೆ ಡಬ್ಬಿ ನ್ಯೂಟ್ರಲ್ ಹತ್ತಿರವೇ ಇರುತ್ತೆ, ಆದರೆ ನ್ಯೂಟ್ರಲ್ ಕಡಿದರೆ ಮೈಯೊಳಗೆ ಆ 30 ಮಿಲಿಆಂಪ್ ಆಸುಪಾಸು ಹರಿಯಬಹುದು, ಅದೇ ಕೈ ಕಚ್ಚಿಕೊಳ್ಳೋಕೆ ಸಾಕು. ಪ್ಲಗ್ ತಿರುಗಿಸಿದರೆ ಕೆಪಾಸಿಟರ್ ನ್ಯೂಟ್ರಲ್ ಕಡೆ ಹೋಗುತ್ತೆ, ಆಗ ಫೇಸ್‌ಗೂ ಡಬ್ಬಿಗೂ ನಡುವೆ ಉಳಿಯೋದು ಬ್ರಿಜ್‌ನ ಒಂದು ಡಯೋಡ್ ಮಾತ್ರ. ತಡೆಯೋರೇ ಇಲ್ಲ. ಆ ದಿನ ಯಾವ ಕಡೆ ಇತ್ತು ಅಂತ ಕಿತ್ತ ಅವಸರದಲ್ಲಿ ನೋಡಿಕೊಂಡಿಲ್ಲ, ಟೆಸ್ಟರ್ ಉರಿದದ್ದು ನೋಡಿದರೆ ಈ ಕೆಟ್ಟ ಕಡೆಯೇ ಇದ್ದಿರಬೇಕು. ಇನ್ನು ನಾನು ಹಾಕಿದ್ದ ಕೆಪಾಸಿಟರ್ ನೇರ ಮೇನ್ಸ್ ಲೈನಿಗೆ ಹಾಕೋಕೆಂದೇ ಮಾಡಿದ ಎಕ್ಸ್2 ಗುರುತಿನದ್ದೂ ಅಲ್ಲ, ಸಾಮಾನ್ಯ ಪಾಲಿಯೆಸ್ಟರ್. ಅದಕ್ಕೆ ಅಡ್ಡವಾಗಿ ಚಾರ್ಜ್ ಇಳಿಸುವ ರೆಸಿಸ್ಟರ್ ಕೂಡ ಹಾಕಿರಲಿಲ್ಲ. ಪ್ಲಗ್ ಕಿತ್ತ ಮೇಲೂ 300 ವೋಲ್ಟ್ ಆಚೆಗೆ ಅದರಲ್ಲಿ ಉಳಿದಿರಬಹುದು, ಪಿನ್ ಮುಟ್ಟಿದರೆ ಅಲ್ಲೂ ಹೊಡೆಯುತ್ತೆ.

ಅಗ್ಗದ ಎಲ್‌ಇಡಿ ಬಲ್ಬಿನೊಳಗೂ ಇಂಥದ್ದೇ ಸಪ್ಲೈ ಇರುತ್ತೆ ಅಂತ ಯಾರಾದರೂ ಹೇಳ್ತೀರಿ. ಇರುತ್ತೆ. ಅಲ್ಲಿ ಸುತ್ತ ಪ್ಲಾಸ್ಟಿಕ್ ಇರುತ್ತೆ, ಒಳಗೆ ಯಾರೂ ಸ್ಕ್ರೂಡ್ರೈವರ್ ಹಾಕಿ ಪ್ರೀಸೆಟ್ ತಿರುಗಿಸಲ್ಲ, ಟ್ರಾನ್ಸ್‌ಡ್ಯೂಸರಿನ ಲೋಹದ ಜಾಲರಿ ಹೊರಗೆ ಕಾಣಿಸಲ್ಲ. ಮಾಡ್ತಾ ಮಾಡ್ತಾ ಸರಿಪಡಿಸಬೇಕಾದ ಸರ್ಕ್ಯೂಟ್‌ಗೆ ಇದು ಬೇಡ. ಈಗಾಗಲೇ ಹಾಕಿದ್ದರೆ ಮೊದಲು ಪ್ಲಗ್ ಕೀಳಿ, ಪಿನ್ನಿಗೆ ಕೈ ಹಚ್ಚಬೇಡಿ. ಸರ್ಕ್ಯೂಟ್ ಸರಿಯೋ ತಪ್ಪೋ ನೋಡೋಕೆ ಅಡಾಪ್ಟರೋ 12 ವೋಲ್ಟ್ ಬ್ಯಾಟರಿಯೋ ಕೊಟ್ಟು ನೋಡಿ, ರಿಲೇ ಎಳೆದಿರುವಾಗ ವೋಲ್ಟೇಜ್ ಅಳೆಯಿರಿ.

ಅದೇ ಅಂಗಡಿಯಿಂದ 12 ವೋಲ್ಟ್ 500 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್ ತಂದೆ. ಬ್ರಿಜ್, 1000 ಮೈಕ್ರೋಫ್ಯಾರಡ್, ವೋಲ್ಟೇಜನ್ನು 12ಕ್ಕೆ ಹಿಡಿದಿಡುವ 7812 ಐಸಿ. ಮೂರು ಪಿನ್ನಿನ ಪ್ಲಗ್, ಡಬ್ಬಿಗೆ ಅರ್ತಿಂಗ್ ವೈರು. ಮುಂದಿನ ವಾರ ಎಲೆಕ್ಟ್ರಿಷಿಯನ್ ಕರೆಸಿ ಮೇನ್ ಬೋರ್ಡಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿದ್ದಾಯ್ತು, ಅರ್ತಿಂಗ್ ಗುಂಡಿಯನ್ನೂ ನೋಡಿಸಿದೆ. ಟ್ರಾನ್ಸ್‌ಫಾರ್ಮರ್‌ಗೆ ಕೊಟ್ಟಿದ್ದು 140 ರೂಪಾಯಿ.

ಅಲಾರಂ ಈಗ ಸರಿಯಾಗಿದೆ, ಬೆಕ್ಕು ಹೋದರೂ ಬಾರಿಸುತ್ತೆ, ಅದಕ್ಕೆ ಗೇನ್ ಸ್ವಲ್ಪ ಇಳಿಸಬೇಕು. ಅಮ್ಮ ಮಾತ್ರ ಆ ಹಲಗೆ ಒರೆಸೋ ಮೊದಲು ನನ್ನ ಕರೆಯುತ್ತಾರೆ. ನಾನು ಹೋಗಿ ಅವರ ಕಣ್ಣೆದುರೇ ಟೆಸ್ಟರ್ ಹಚ್ಚಿ ತೋರಿಸಬೇಕು.