ಹಿನ್ನೀರಿನಾಚೆಯ ಮನೆಯಲ್ಲಿ ಯೂಟ್ಯೂಬ್ ಪ್ರೀಮಿಯಂ: ನಾಲ್ಕು ವರ್ಷ ಡೌನ್‌ಲೋಡ್ ಮಾಡಿ ನೋಡಿದ ಮೇಲೆ

ನಮ್ಮ ಮನೆ ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿದೆ. ಅಂಗಳದ ತುದಿಯ ಹಲಸಿನ ಮರದ ಹತ್ತಿರ ನಿಂತರೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ. ಅಡುಗೆಮನೆಗೆ ಬಂದರೆ ಅದೂ ಇಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಮಾತ್ರ ಆ ಒಂದು ಕಡ್ಡಿ.

ಇಂಥ ಮನೆಯಲ್ಲಿ ಕೂತು ನಾನು 2021ರಿಂದ ಯೂಟ್ಯೂಬ್ ಪ್ರೀಮಿಯಂಗೆ ದುಡ್ಡು ಕೊಡುತ್ತಿದ್ದೇನೆ. "ನೆಟ್ಟೇ ಇಲ್ಲದ ಊರಲ್ಲಿ ಯೂಟ್ಯೂಬಿಗೆ ಯಾಕೆ ದುಡ್ಡು?" ಅಂತ ಕೇಳಿದವರು ಬಹಳ ಜನ. ನೆಟ್ಟಿಲ್ಲ ಅಂತಲೇ ಕೊಡುತ್ತಿರುವುದು. ಪೇಟೆಯವರಿಗೆ ಪ್ರೀಮಿಯಂ ಅಂದರೆ ಜಾಹೀರಾತು ಬರುವುದಿಲ್ಲ ಅನ್ನುವುದೇ ದೊಡ್ಡ ಸಂಗತಿ. ನಮಗೆ ಬೇಕಾದದ್ದು ವಿಡಿಯೋದ ಕೆಳಗಿರುವ ಡೌನ್‌ಲೋಡ್ ಗುಂಡಿ ಒಂದೇ. ಹಾಗಾಗಿ ಈ ವಿಮರ್ಶೆಯೂ ಅದೊಂದರ ಬಗ್ಗೆಯೇ.

ಮೊದಲು ಹೇಗಿತ್ತು ಅನ್ನುವುದನ್ನು ಹೇಳದಿದ್ದರೆ ಇದರ ಬೆಲೆ ತಿಳಿಯುವುದಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಸಾಗರಕ್ಕೆ ಹೋದಾಗ ನಮ್ಮನೆಯವರು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು ಯಕ್ಷಗಾನ, ಭಾವಗೀತೆ ಹಾಕಿಸಿಕೊಂಡು ಬರುತ್ತಿದ್ದರು. ಅಂಗಡಿಯವನ ಕಂಪ್ಯೂಟರಿನಲ್ಲಿ ಇದ್ದದ್ದು ಸಿಗುತ್ತಿತ್ತು, ನಾವು ಕೇಳಿದ್ದಲ್ಲ. 2014ರ ಡಿಸೆಂಬರಿನಲ್ಲಿ ಯೂಟ್ಯೂಬಿನವರೇ ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ತಂದರು. ಪುಕ್ಕಟೆ, ಆದರೆ ಇಳಿಸಿಕೊಂಡ ವಿಡಿಯೋಕ್ಕೆ 48 ಗಂಟೆಯ ಆಯುಷ್ಯ. ಪೇಟೆಯಿಂದ ಮನೆ ತಲುಪಿ, ಕೊಟ್ಟಿಗೆ ಕೆಲಸ ಮುಗಿಸಿ, ಮರುದಿನ ಪುರಸೊತ್ತು ಸಿಗುವ ಹೊತ್ತಿಗೆ ಎರಡು ದಿನ ಕಳೆದೇ ಹೋಗುತ್ತಿತ್ತು.

ಆಮೇಲೆ 2017ರಲ್ಲಿ ಯೂಟ್ಯೂಬ್ ಗೋ ಅಂತ ಬೇರೆಯೇ ಆ್ಯಪ್ ಬಂತು. ಅದನ್ನು ನಾನು ಈಗಲೂ ನೆನೆಸಿಕೊಳ್ಳುತ್ತೇನೆ. ಇಳಿಸುವ ಮೊದಲೇ ಇದಕ್ಕೆ ಇಷ್ಟು ಎಂಬಿ ಬೇಕು ಅಂತ ತೋರಿಸುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಒಂದು ಫೋನಿಗೆ ಬಂದ ವಿಡಿಯೋವನ್ನು ಪಕ್ಕದ ಫೋನಿಗೆ ನೆಟ್ಟಿಲ್ಲದೆ ದಾಟಿಸಬಹುದಿತ್ತು. ನಮ್ಮಂಥ ಊರಿಗೆ ಹೇಳಿ ಮಾಡಿಸಿದ ಹಾಗಿತ್ತು. 2022ರ ಆಗಸ್ಟಿನಲ್ಲಿ ಅದನ್ನು ನಿಲ್ಲಿಸಿದರು. ದುಡ್ಡು ಕೊಟ್ಟು ತೆಗೆದುಕೊಳ್ಳುವ ಪ್ರೀಮಿಯಂನಲ್ಲೂ ಫೋನಿನಿಂದ ಫೋನಿಗೆ ದಾಟಿಸುವ ದಾರಿ ಇಲ್ಲ. ಮಗ ಈಗ ಶಿವಮೊಗ್ಗದಲ್ಲಿ ಓದುತ್ತಾನೆ. ಅಲ್ಲಿ ನೆಟ್ಟಿಗೆ ಬರವಿಲ್ಲ. ಶನಿವಾರ ಬರುವಾಗ ಅಜ್ಜಿಗೆ ಅಂತ ನಾಲ್ಕು ತಾಳಮದ್ದಳೆ (ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಇಳಿಸಿಕೊಂಡು ಬರುತ್ತಾನೆ. ಅವನು ಸೋಮವಾರ ಹೊರಟರೆ ಅವನ ಫೋನಿನ ಜೊತೆ ತಾಳಮದ್ದಳೆಯೂ ಹೊರಟುಹೋಗುತ್ತದೆ. ಈ ನಾಲ್ಕು ವರ್ಷದಲ್ಲಿ ನನಗೆ ಅತಿ ದೊಡ್ಡ ಕೊರತೆ ಅನಿಸಿದ್ದು ಇದೇ.

ಬಳಸುವ ಕ್ರಮ ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆಯಾದರೂ ಸಾಗರಕ್ಕೆ ಹೋಗುವ ಕೆಲಸ ಇರುತ್ತದೆ. ಅಲ್ಲಿ ತಂಗಿಯ ಮನೆಯಲ್ಲಿ ವೈಫೈ ಇದೆ. ಊಟ ಮಾಡಿ ಮಾತಾಡುವ ಎರಡು ಗಂಟೆಯಲ್ಲಿ ನನ್ನ ಫೋನು, ಅತ್ತೆಯ ಫೋನು ಎರಡೂ ಜಗಲಿಯ ಮೇಲೆ ಡೌನ್‌ಲೋಡಿಗೆ ಕೂತಿರುತ್ತವೆ. ಅತ್ತೆಯದು ಮಗನ ಹಳೆಯ ಫೋನು. ಎರಡಕ್ಕೂ ನನ್ನದೇ ಖಾತೆ. ಸೆಟ್ಟಿಂಗಿನಲ್ಲಿ 'ವೈಫೈ ಇದ್ದರೆ ಮಾತ್ರ ಡೌನ್‌ಲೋಡ್' ಅನ್ನುವುದನ್ನು ಹಾಕಿಟ್ಟಿದ್ದೇನೆ. ತಂಗಿ ಮನೆಗೆ ಹೋಗಲಾಗದ ದಿನ ಅದನ್ನು ತೆಗೆದು ಸಿಮ್ಮಿನ ಡೇಟಾದಲ್ಲೇ ಇಳಿಸುವುದು. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್, ಉಳಿದದ್ದು ರಾತ್ರಿ ಹನ್ನೆರಡಕ್ಕೆ ಹೋಗಿಬಿಡುತ್ತದೆ. ಊರಲ್ಲಿ ಅದನ್ನು ಖರ್ಚು ಮಾಡುವುದೇ ಆಗುವುದಿಲ್ಲ, ಪೇಟೆಯಲ್ಲಿದ್ದಾಗಲಾದರೂ ಪೂರ್ತಿ ಉಪಯೋಗವಾಗಲಿ ಅಂತ.

ಮೊದಲೆಲ್ಲ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟುವ ಲಾಂಚಿಗೆ ಕಾಯುವಾಗ ಇಳಿಸಿದ್ದನ್ನೆಲ್ಲ ಒಂದು ಸಲ ತೆಗೆದು ನೋಡುತ್ತಿದ್ದೆ. 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಆ ಕಾಯುವಿಕೆ ಮುಗಿಯಿತು. ಪರೀಕ್ಷೆ ಮಾಡುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ಈಗ ತಂಗಿಯ ಮನೆ ಹೊಸಿಲು ದಾಟುವ ಮೊದಲು ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಒಂದೊಂದನ್ನೂ ಒತ್ತಿ, ನಡುವೆ ಒಂದು ಕಡೆ, ಕೊನೆಗೆ ಒಂದು ಕಡೆ ಓಡಿಸಿ ನೋಡುತ್ತೇನೆ. ಪಟ್ಟಿಯಲ್ಲಿ ಹೆಸರು ಕಂಡಿತು ಅಂದರೆ ಪೂರ್ತಿ ಇಳಿದಿದೆ ಅಂತಲ್ಲ. ಅರ್ಧಕ್ಕೆ ನಿಂತದ್ದೂ ಅಲ್ಲೇ ಕೂತಿರುತ್ತದೆ. ಈ ಐದು ನಿಮಿಷದ ಕೆಲಸ ಮಾಡದೆ ಮನೆಗೆ ಬಂದು ಅತ್ತೆಯ ಮುಖ ನೋಡಬೇಕಾಗಿ ಬಂದದ್ದು ಎರಡು ಸಲ. "ಎಂಥ ಮಾರಾಯ್ತಿ, ಇದು ಬರೇ ಸುತ್ತೂದೇ ಆತು" ಅಂತ ಅವರು ಫೋನು ಕೆಳಗಿಟ್ಟಾಗ ಬೇಜಾರಾಗಿತ್ತು.

ಯಾವ ಗುಣಮಟ್ಟದಲ್ಲಿ ಇಳಿಸಬೇಕು ಅನ್ನುವುದಕ್ಕೆ ನಾನು ಕಂಡುಕೊಂಡ ಲೆಕ್ಕ ಬೇರೆಯೇ ಇದೆ. 144ಪಿ, 360ಪಿ, 720ಪಿ, 1080ಪಿ ಅಂತ ಆಯ್ಕೆ ಕೊಡುತ್ತಾರೆ. ತಾಳಮದ್ದಳೆಯಲ್ಲಿ ನೋಡುವಂಥದ್ದು ಕಡಿಮೆ. ಅರ್ಥಧಾರಿಗಳು, ಅಂದರೆ ಪಾತ್ರದ ಮಾತು ಆಡುವವರು, ಕೂತಲ್ಲೇ ಕೂತಿರುತ್ತಾರೆ, ಮಾತೇ ಎಲ್ಲ. ಅದಕ್ಕೆ 144ಪಿ ಸಾಕು. ಮೂರು ಗಂಟೆಯ ಕೂಟವೂ ಹಳೆಯ ಫೋನಿಗೆ ಭಾರವಾಗುವುದಿಲ್ಲ. ವೇಷ ಹಾಕಿ ಕುಣಿಯುವ ಯಕ್ಷಗಾನದ ಆಟವಾದರೆ ಹಾಗಲ್ಲ, ವೇಷ ಕಾಣಬೇಕು, ಮುಖವರ್ಣಿಕೆ ಕಾಣಬೇಕು, ಕನಿಷ್ಠ 360ಪಿ.

ತೋಟದ ವಿಡಿಯೋಗಳಿಗೆ ಅದೂ ಸಾಲುವುದಿಲ್ಲ ಅಂತ ಗೊತ್ತಾಗಿದ್ದು ಅಡಿಕೆಗೆ ಎಲೆಚುಕ್ಕಿ ರೋಗ ಬಂದ ಮೇಲೆ. ವಿಜ್ಞಾನಿಯೊಬ್ಬರು ರೋಗ ಗುರುತಿಸುವುದನ್ನು ಹೇಳಿಕೊಡುವ ವಿಡಿಯೋವನ್ನು ನಾನು ಅಭ್ಯಾಸ ಬಲದಿಂದ 360ಪಿಯಲ್ಲೇ ಇಳಿಸಿ ತಂದಿದ್ದೆ. ನಮ್ಮನೆಯವರು ತೋಟಕ್ಕೆ ಫೋನು ಒಯ್ದರು. ಬಿದ್ದ ಸೋಗೆಯಿಂದ ಒಂದು ಎಲೆ ಕಿತ್ತು ಫೋನಿನ ಪಕ್ಕದಲ್ಲಿ ಹಿಡಿದು, ವಿಡಿಯೋ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿದರು. ಕೈಯಲ್ಲಿದ್ದ ಎಲೆಯಲ್ಲಿ ಕಂದು ಚುಕ್ಕಿ, ಅದರ ಸುತ್ತ ಹಳದಿ ಬಳೆ, ಎಲ್ಲ ಸ್ಪಷ್ಟ. ಫೋನಿನಲ್ಲಿ ಮಾತ್ರ ಬರೀ ಮಬ್ಬು ಮಚ್ಚೆ. ಎರಡೂ ಒಂದೇ ರೋಗವೋ ಅಲ್ಲವೋ ತಿಳಿಯಲಿಲ್ಲ. ಮುಂದಿನ ಸಲ ಅದೇ ವಿಡಿಯೋ 720ಪಿಯಲ್ಲಿ ತಂದೆ. ಅವತ್ತು ಅವರು ಫೋನನ್ನು ಅಡಿಕೆ ಮರಕ್ಕೆ ಒರಗಿಸಿಟ್ಟು ಎಲೆಯ ಮೇಲೆ ಬೆರಳಿಟ್ಟು "ಇದೇ" ಅಂದರು. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ವಿಡಿಯೋಕ್ಕೆ ಅಷ್ಟೆಲ್ಲ ಬೇಡ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಅನ್ನುವುದು ಕಿವಿಗೆ ಬಿದ್ದರಾಯಿತು.

ಫೋನಿನಲ್ಲಿ ಜಾಗ ಸಾಲದವರು ಮೆಮೊರಿ ಕಾರ್ಡ್ ಹಾಕಿಸಿಕೊಳ್ಳಬಹುದು. ಕಾರ್ಡ್ ಹಾಕಲು ಜಾಗವಿರುವ ಆಂಡ್ರಾಯ್ಡ್ ಫೋನಾದರೆ ಆ್ಯಪಿನ ಡೌನ್‌ಲೋಡ್ ಸೆಟ್ಟಿಂಗಿನಲ್ಲಿ ಎಸ್‌ಡಿ ಕಾರ್ಡ್ ಅಂತ ಆರಿಸಿದರೆ ಎಲ್ಲ ಅಲ್ಲಿಗೇ ಹೋಗುತ್ತದೆ. ಕಾರ್ಡ್ ಕೊಳ್ಳುವಾಗ ಎಚ್ಚರ. ಜಾತ್ರೆಯ ಅಂಗಡಿಯೊಂದರಲ್ಲಿ 128 ಜಿಬಿ ಅಂತ ಬರೆದಿದ್ದ ಕಾರ್ಡನ್ನು ಅಗ್ಗಕ್ಕೆ ತಂದಿದ್ದೆವು. ಫೋನೂ 128 ಅಂತಲೇ ತೋರಿಸಿತು. ಸ್ವಲ್ಪ ತುಂಬಿದ ಮೇಲೆ ಹಾಕಿದ್ದು ಯಾವುದೂ ತೆರೆಯಲಿಲ್ಲ. ಒಳಗೆ ಇರುವುದು ಕಡಿಮೆ, ಹೊರಗೆ ಹೇಳುವುದು ಹೆಚ್ಚು. ಅಂಥ ಕಾರ್ಡುಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ಅದರಲ್ಲಿ ಮಗನ ಶಾಲಾ ವಾರ್ಷಿಕೋತ್ಸವದ ನಾವೇ ತೆಗೆದ ವಿಡಿಯೋವೂ ಇತ್ತು. ತಾಳಮದ್ದಳೆ ಮತ್ತೆ ಇಳಿಸಬಹುದು, ಅದನ್ನಲ್ಲ.

ಇನ್ನೊಂದು ಸೆಟ್ಟಿಂಗನ್ನು ಮೊದಲ ದಿನವೇ ಆಫ್ ಮಾಡಿಬಿಡಿ: ಸ್ಮಾರ್ಟ್ ಡೌನ್‌ಲೋಡ್. ನಿಮಗೆ ಇಷ್ಟವಾಗಬಹುದು ಅಂತ ಆ್ಯಪ್ ತಾನಾಗಿಯೇ ವಿಡಿಯೋ ಇಳಿಸಿಡುವ ವ್ಯವಸ್ಥೆ ಅದು. ಮನೆಮಂದಿಯೆಲ್ಲ ಒಂದೇ ಖಾತೆಯಲ್ಲಿರುವ ನಮ್ಮಲ್ಲಿ ಅತ್ತೆಯ ಫೋನಿಗೆ ಭೌತಶಾಸ್ತ್ರದ ಪಾಠ ಬಂದು ಕೂರುತ್ತದೆ. ಜಾಗವೂ ಹಾಳು.

ಈಗ ಮುಖ್ಯವಾದ ಮಾತು. ಡೌನ್‌ಲೋಡ್ ಅಂದರೆ ನಿಮ್ಮದಾಯಿತು ಅಂತ ತಿಳಿದುಕೊಳ್ಳಬೇಡಿ. ಅದು ಕಡ ತಂದದ್ದು. ಇಳಿಸಿದ ವಿಡಿಯೋ ಗ್ಯಾಲರಿಯಲ್ಲಿ ಕಾಣುವುದಿಲ್ಲ, ವಾಟ್ಸ್ಆ್ಯಪಿನಲ್ಲಿ ಕಳಿಸಲು ಬರುವುದಿಲ್ಲ, ಕಾರ್ಡ್ ತೆಗೆದು ಟಿವಿಗೆ ಹಾಕಿದರೆ ಓಡುವುದಿಲ್ಲ. ಆ ಆ್ಯಪಿನೊಳಗೆ ಮಾತ್ರ. ಫೋನು ಕನಿಷ್ಠ 30 ದಿನಕ್ಕೊಮ್ಮೆ ನೆಟ್ಟಿಗೆ ತಾಗಬೇಕು, ಇಲ್ಲದಿದ್ದರೆ ಇಳಿಸಿದ್ದಕ್ಕೆಲ್ಲ ಬೀಗ. ಹಾಕಿದವರು ವಿಡಿಯೋವನ್ನು ಯೂಟ್ಯೂಬಿನಿಂದ ತೆಗೆದುಬಿಟ್ಟರೆ, ಮುಂದೆ ನೆಟ್ ಸಿಕ್ಕಾಗ ನಮ್ಮ ಫೋನಿನಿಂದಲೂ ಹೋಗುತ್ತದೆ. ಇದೆಲ್ಲ ಮೊದಲೇ ಬರೆದಿಟ್ಟ ನಿಯಮ. ಚಂದಾ ಮುಗಿದರೂ ಅಷ್ಟೇ, ಇಳಿಸಿದ್ದು ತೆರೆಯುವುದಿಲ್ಲ.

ಚಂದಾ ಮುಗಿಯುವುದು ಅಂದರೇನು ಅಂತ ನನಗೆ ಒಂದು ಜುಲೈ ತಿಂಗಳು ಕಲಿಸಿತು. ತಿಂಗಳು ತಿಂಗಳು ಬ್ಯಾಂಕಿನಿಂದ ತಾನಾಗಿ ಕಡಿತವಾಗುವುದು ಬೇಡ ಅಂತ ನಾನು ವರ್ಷಕ್ಕೊಮ್ಮೆ ಕಟ್ಟುವ ಪ್ರೀಪೇಯ್ಡ್ ತೆಗೆದುಕೊಂಡಿದ್ದೆ. ಅದು ತಾನಾಗಿ ಮುಂದುವರಿಯುವುದಿಲ್ಲ. ದಿನಾಂಕ ನಾನು ಮರೆತೆ. ಜೋರು ಗಾಳಿ ಮಳೆ, ಕಂಬ ಬಿದ್ದು ನಾಲ್ಕು ದಿನ ಕರೆಂಟಿಲ್ಲ, ಟವರೂ ಸತ್ತಿತ್ತು. ಫೋನಿನಲ್ಲಿ ನಲವತ್ತಕ್ಕೂ ಹೆಚ್ಚು ವಿಡಿಯೋ ತುಂಬಿಸಿಟ್ಟಿದ್ದೆ, ಒಂದೂ ತೆರೆಯಲಿಲ್ಲ. ದುಡ್ಡು ಕಟ್ಟೋಣ ಅಂದರೆ ಕಟ್ಟಲಿಕ್ಕೂ ನೆಟ್ ಬೇಕು. ತಪ್ಪು ನನ್ನದೇ. ಆ ಮೇಲೆ ಪಂಚಾಂಗದಲ್ಲಿ ಗುರುತು ಮಾಡಿ, ಚಂದಾ ಮೇ ತಿಂಗಳಲ್ಲೇ ಕಟ್ಟುವ ಹಾಗೆ ತಂದುಕೊಂಡಿದ್ದೇನೆ. ಮಳೆಗಾಲಕ್ಕೆ ಕಟ್ಟಿಗೆ, ಹಪ್ಪಳ, ಉಪ್ಪಿನಕಾಯಿ ಸೇರಿಸಿಡುವ ತಿಂಗಳು ಅದು. ಇದೂ ಆ ಪಟ್ಟಿಯಲ್ಲೇ ಇದೆ.

ಹಾಗಾದರೆ ಪುಕ್ಕಟೆಯಾಗಿ ಪೂರ್ತಿ ಫೈಲನ್ನೇ ಇಳಿಸಿಕೊಡುವ ಆ್ಯಪುಗಳಿವೆಯಲ್ಲ ಅಂತ ಕೇಳುತ್ತೀರಿ. ನಾವೂ ಹಾಕಿ ನೋಡಿದ್ದೇವೆ. ಪ್ಲೇ ಸ್ಟೋರಿನಲ್ಲಿ ಇಲ್ಲದ ಒಂದು ಆ್ಯಪನ್ನು ನೆಂಟರ ಹುಡುಗ ಯಾವುದೋ ಜಾಲತಾಣದಿಂದ ಹಾಕಿಕೊಟ್ಟ. ವಿಡಿಯೋ ಇಳಿಸುವುದಕ್ಕೆ ಅದು ನನ್ನ ಸಂಪರ್ಕಗಳನ್ನೂ ಎಸ್ಸೆಮ್ಮೆಸ್ಸನ್ನೂ ಓದಲು ಅನುಮತಿ ಕೇಳಿತು. ಮೂರೇ ದಿನಕ್ಕೆ ಫೋನು ಸುಮ್ಮನಿಟ್ಟರೂ ಬಿಸಿಯಾಗತೊಡಗಿತು, ಬೀಗ ತೆಗೆದ ಕೂಡಲೇ ಜೂಜಿನ ಜಾಹೀರಾತು ಪರದೆ ತುಂಬ. ಬ್ಯಾಂಕಿನ ಓಟಿಪಿ ಬರುವ ಫೋನು ಅದು. ಎಲ್ಲ ಅಳಿಸಿ ಹೊಸದರ ಹಾಗೆ ಮಾಡಬೇಕಾಯಿತು. ಯೂಟ್ಯೂಬಿನ ನಿಯಮದ ಪ್ರಕಾರವೂ ಹಾಗೆ ಇಳಿಸುವಂತಿಲ್ಲ. ಜೊತೆಗೆ ಆ ತಾಳಮದ್ದಳೆಯನ್ನು ಚಿತ್ರೀಕರಿಸಿ ಹಾಕಿದವರಿಗೆ ಅದರಿಂದ ಚಿಕ್ಕಾಸೂ ಸೇರುವುದಿಲ್ಲ. ಪ್ರೀಮಿಯಂನಲ್ಲಿ ನಾವು ಕೊಟ್ಟ ಚಂದಾದ ಒಂದು ಪಾಲು ನಾವು ನೋಡಿದ ಚಾನೆಲ್ಲುಗಳಿಗೆ ಹೋಗುತ್ತದೆ. ಊರೂರು ತಿರುಗಿ ರಾತ್ರಿಯಿಡೀ ಕ್ಯಾಮೆರಾ ಹಿಡಿದು ಕೂರುವವರಿಗೆ ಅಷ್ಟಾದರೂ ಸಲ್ಲಬೇಕು.

ಬೆಲೆ: ನಾನು ಸೇರಿದಾಗ ತಿಂಗಳಿಗೆ 129 ರೂಪಾಯಿ ಇತ್ತು. 2024ರ ಆಗಸ್ಟಿನಲ್ಲಿ 149 ಮಾಡಿದರು, ಮನೆಮಂದಿಯ ಪ್ಯಾಕ್ 189ರಿಂದ ಒಮ್ಮೆಲೇ 299ಕ್ಕೆ ಹೋಯಿತು. ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1,490. ಮನೆಯಲ್ಲಿ ಒಳ್ಳೆಯ ವೈಫೈ ಇರುವವರು ಡೌನ್‌ಲೋಡಿಗೋಸ್ಕರ ಇಷ್ಟು ಕೊಡುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಶಾಲೆಯ ಪಾಠ ಮಾತ್ರ ಬೇಕಿದ್ದವರಿಗೂ ಬೇಡ: ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿದರೆ ಪಾಠದ ವಿಡಿಯೋ ಪುಕ್ಕಟೆಯಾಗಿ ಇಳಿಯುತ್ತದೆ. ಮಗ ಎಸ್ಸೆಸ್ಸೆಲ್ಸಿ ಮಾಡಿದ್ದು ಬಹುಪಾಲು ಅದರಲ್ಲೇ. ನಮ್ಮ ಹಾಗೆ ಗುಡ್ಡದ ಮೇಲೆ, ಹಿನ್ನೀರಿನಾಚೆ, ಘಟ್ಟದ ಬುಡದಲ್ಲಿ ಇರುವವರು, ಹದಿನೈದು ದಿನಕ್ಕೊಮ್ಮೆ ಪೇಟೆ ಮುಟ್ಟುವವರು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು, ಫೋನಿನಿಂದ ಫೋನಿಗೆ ದಾಟಿಸುವ ಸೌಲಭ್ಯ ಮತ್ತೆ ಬಂದ ದಿನ.

ಪರದೆ ಆರಿಸಿದರೂ ಧ್ವನಿ ನಿಲ್ಲುವುದಿಲ್ಲ ಅನ್ನುವುದು ಪ್ರೀಮಿಯಂನ ಇನ್ನೊಂದು ಸೌಲಭ್ಯ. ಸೇರುವಾಗ ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಡಿಕೆ ಸುಲಿತದ ಸಮಯದಲ್ಲಿ ಈಗ ನಮ್ಮ ಅಂಗಳದಲ್ಲಿ ರಾತ್ರಿ ಎಂಟು ಜನ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾರೆ. ಅತ್ತೆ ಫೋನನ್ನು ಸ್ಟೀಲ್ ಪಾತ್ರೆಯೊಳಗೆ ನಿಲ್ಲಿಸುತ್ತಾರೆ, ಧ್ವನಿ ದೊಡ್ಡದಾಗಲಿ ಅಂತ. ಪರದೆ ಆರಿರುತ್ತದೆ, ಚಾರ್ಜು ಉಳಿಯುತ್ತದೆ. ಒಳಗಿನಿಂದ ಕರ್ಣನೂ ಶಲ್ಯನೂ ಮಾತಿಗೆ ಮಾತು ಬೆಳೆಸುತ್ತಾರೆ. ಶಲ್ಯ ಚುಚ್ಚಿದಾಗ ಸುಲಿಯುವ ಕೈಗಳು ಒಂದು ಗಳಿಗೆ ನಿಲ್ಲುತ್ತವೆ, ಕರ್ಣನ ಉತ್ತರ ಬಂದ ಮೇಲೆ ಅಡಿಕೆ ಮತ್ತೆ ಬುಟ್ಟಿಗೆ ಬೀಳತೊಡಗುತ್ತದೆ. ಹನ್ನೊಂದಾದರೂ ಯಾರೂ ಏಳುವುದಿಲ್ಲ. ಮೊನ್ನೆ ಕೂಟ ಮುಗಿದಾಗ ಪಕ್ಕದ ಮನೆಯ ಅಕ್ಕ ಕತ್ತಿ ಮಡಚುತ್ತಾ ಕೇಳಿದಳು: "ನಾಳಿಗೆ ಯಾವ್ದು ಇಟ್ಟಿದೀಯೇ?"