ಸೋಯಾ ಹೊಲಕ್ಕೆ ಸೈಕಲ್ ಎಡೆಕುಂಟೆ: ತಗೋಬಹುದು, ಆದರೆ ಕುರ್ಪಿ ಬಿಸಾಡಬೇಡಿ

ಸಾಲಿನ ನಡುವಿನ ಕಳೆ ಕತ್ತರಿಸುವ, ಒಂದೇ ಗಾಲಿಯ, ಕೈಯಲ್ಲಿ ತಳ್ಳುವ ಸೈಕಲ್ ಎಡೆಕುಂಟೆ ಈ ಮುಂಗಾರಿಗೆ ತಂದೆವು. 2,000 ರೂಪಾಯಿ ಆಸುಪಾಸು ಬಿತ್ತು. ಸಾಲಿನ ನಡುವೆ ಕೆಲಸ ಚೆನ್ನಾಗಿದೆ, ಎರಡು ಮಾತಿಲ್ಲ. ಎತ್ತು ಬೇಡ, ಆಳಿಗೆ ಕಾಯುವುದೂ ಬೇಡ, ಮನೆಯವರೇ ಸರದಿ ಮೇಲೆ ತಳ್ಳಿದರೆ ಮುಗಿಯಿತು.

ತಕರಾರು ಇರುವುದು ಗಿಡದ ಬುಡದಲ್ಲಿ. ಸೋಯಾಕ್ಕೆ ಅಂಟಿಕೊಂಡೇ ಬೆಳೆದ ಕಳೆಯನ್ನು ಇದು ಮುಟ್ಟುವುದೇ ಇಲ್ಲ, ಅದಕ್ಕೆ ಕುರ್ಪಿಯೇ ಬೇಕು. ಕಳೆ ಗೊಬ್ಬರ ತಿನ್ನುತ್ತದೆ, ನೀರು ಕುಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು, ಅದು ರೋಗ ತರುವ ಬೂಷ್ಟಿಗೂ ಮನೆ ಕೊಡುತ್ತದೆ ಅನ್ನುವುದನ್ನ ಅಂಗಡಿಯವರು ಯಾಕೋ ಹೇಳುವುದಿಲ್ಲ. ಬೇರಿಗೆ ಇದ್ದಿಲು ಕೊಳೆ ರೋಗ ತರುವ ಮ್ಯಾಕ್ರೋಫೋಮಿನಾ ಶಿಲೀಂಧ್ರ 500ಕ್ಕೂ ಹೆಚ್ಚು ಜಾತಿಯ ಗಿಡಗಳಲ್ಲಿ ಬದುಕುತ್ತದೆ. ಎಷ್ಟೋ ಸಲ ಕಳೆ ಹಸಿರಾಗೇ ಇರುತ್ತದೆ, ಬೇರಿನಲ್ಲಿ ರೋಗ ಕೂತಿರುತ್ತದೆ. ಮಳೆ ಕೈಕೊಟ್ಟು ಬಿಸಿಲು ಏರಿದಾಗ ಸೋಯಾ ಒಣಗುತ್ತದೆ ಅಲ್ವಾ, ಆಗ ಒಂದು ಗಿಡ ಕಿತ್ತು ಬೇರಿನ ತೊಗಟೆ ಸುಲಿದು ನೋಡಿ. ಈ ರೋಗ ಇದ್ದರೆ ಒಳಗೆ ಇದ್ದಿಲ ಪುಡಿ ಉದುರಿಸಿದಂತೆ ಕರಿ ಚುಕ್ಕಿ ಇರುತ್ತವೆ.

ಇನ್ನೊಂದು ವಿಷಯ. ಕುಂಟೆ ಕತ್ತರಿಸಿದ ಕಸ ಅಲ್ಲೇ ಬೀಳುತ್ತದೆ. ಬಿಸಿಲಿದ್ದರೆ ಒಣಗಿ ಹೋಗುತ್ತದೆ, ಆದರೆ ಜಡಿಮಳೆ ಹಿಡಿದರೆ ಬುಡದ ಹತ್ತಿರ ಕೊಳೆಯುವ ಆ ಕಸದ ಮೇಲೆಯೇ ಸ್ಕ್ಲೆರೋಶಿಯಂ ಅನ್ನುವ ಇನ್ನೊಂದು ಶಿಲೀಂಧ್ರ ಬೆಳೆದು ಗಿಡದ ಕೊರಳಿಗೆ ಹತ್ತುತ್ತದೆ. ಬಿಳಿ ನೂಲಿನಂಥ ಬೂಷ್ಟು, ಅದರಲ್ಲಿ ಸಾಸಿವೆ ಗಾತ್ರದ ಕಂದು ಕಾಳು ಕಂಡರೆ ಅದೇ. ಹಾಗಾಗಿ ಕಸ ಆರಿಸಿ ಹೊಲದ ಹೊರಗೆ ಹಾಕಲೇಬೇಕು. ಈ ಕೆಲಸ ಯಂತ್ರ ಉಳಿಸುವುದಿಲ್ಲ.

ಎಲೆಗೆ ಬರುವ ತುಕ್ಕು ರೋಗಕ್ಕೆ ಮಾತ್ರ ಕಾಂಗ್ರೆಸ್ ಕಸವನ್ನ ಸುಮ್ನೆ ಬೈಯಬೇಡಿ. ತುಕ್ಕಿಗೆ ಬೇಕಾಗಿರುವುದು ಸೋಯಾ, ಅವರೆ ಜಾತಿಯ ಹಸಿರು ಗಿಡ. ಬದುವಿನಲ್ಲಿ ತಾನಾಗೇ ಹುಟ್ಟಿದ ಸೋಯಾ ಇದ್ದರೆ ಮೊದಲು ಅದನ್ನ ಕೀಳಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ತುಕ್ಕು ತಡೆಯುವ ತಳಿ, ಅದನ್ನ ಬಿತ್ತಿದವರಿಗೆ ಈ ಚಿಂತೆ ಕಡಿಮೆ. ಹಳೆಯ ಜೆಎಸ್ 335 ತಳಿ ಹಾಕಿದವರು ಜಾಸ್ತಿ ಎಚ್ಚರ ಇರಬೇಕು.

ಮಸಾರಿ (ಕೆಂಪು ಮಣ್ಣಿನ) ಹೊಲದವರು ಧೈರ್ಯವಾಗಿ ತಗೊಳ್ಳಿ. ಎರೆ (ಕಪ್ಪು ಮಣ್ಣಿನ) ಹೊಲದಲ್ಲಿ ಹಸಿ ಜಾಸ್ತಿ ಇದ್ದರೆ ಗಾಲಿಗೆ ಮಣ್ಣು ಮೆತ್ತಿ ತಳ್ಳಲು ಆಗುವುದಿಲ್ಲ, ಹದ ನೋಡಿ ಇಳಿಯಬೇಕು. ಸಾಲು ಒಂದು ಅಡಿ ಇದ್ದರೆ ಎಂಟು ಇಂಚಿನ ಕುಡವನ್ನೇ (ಕಳೆ ಕತ್ತರಿಸುವ ಅಲಗನ್ನೇ) ಕೇಳಿ, ಅದಕ್ಕಿಂತ ಅಗಲದ್ದು ಬೇರು ಕೀಳುತ್ತದೆ.