ಬಿಳಿ ಚಿಪ್ಪಿನೊಳಗೆ 65 ಕನಸು: ಎಸ್ಸೆನ್‌ನ ‘ಯೋಜನೆಗಳ ಅರಮನೆ’

ಜರ್ಮನಿಯ ಎಸ್ಸೆನ್‌ಗೆ ಹೋದವರಲ್ಲಿ ಹೆಚ್ಚಿನವರು ತ್ಸೋಲ್‌ಫೆರೈನ್ ಎಂಬ ಹಳೆಯ ಕಲ್ಲಿದ್ದಲು ಗಣಿಯ ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ವಾಪಸಾಗುತ್ತಾರೆ. ಇನ್ನಷ್ಟು ದೂರ ನಡೆಯಿರಿ. ಕಲ್ಲಿದ್ದಲನ್ನು ಕೋಕ್ ಇಂಧನವಾಗಿಸುತ್ತಿದ್ದ, 1993ರಲ್ಲಿ ಮುಚ್ಚಿದ ಸ್ಥಾವರದ ಉಪ್ಪಿನ ಗೋದಾಮಿನಲ್ಲಿ, ಸೋವಿಯತ್ ಒಕ್ಕೂಟದಲ್ಲಿ ಹುಟ್ಟಿದ ಕಲಾವಿದರಾದ ಇಲ್ಯಾ ಮತ್ತು ಎಮಿಲಿಯಾ ಕಬಕೋವ್ ದಂಪತಿಯ ‘ಯೋಜನೆಗಳ ಅರಮನೆ’ ಇದೆ; ಒಳಹೊಕ್ಕು ನಡೆದಾಡಬಹುದಾದ ಕಲಾಕೃತಿ ಇದು. 1998ರಲ್ಲಿ ಲಂಡನ್ನಿನಲ್ಲಿ ಮೊದಲು ತೋರಿಸಿದ ಕೃತಿ, 2001ರಿಂದ ಇಲ್ಲೇ ನೆಲೆನಿಂತಿದೆ.

ಹೊರಗಿನಿಂದ ನೋಡಿದರೆ ದೊಡ್ಡದೊಂದು ಬಸವನಹುಳುವಿನ ಚಿಪ್ಪು. ಚೌಕಟ್ಟಿಗೆ ಹೊದಿಸಿದ ಬಿಳಿ ಹೊದಿಕೆಯಿಂದ ಒಳಗಿನ ಬೆಳಕು ಸೋಸಿ ಬರುತ್ತದೆ. ಸುರುಳಿ ಹಿಡಿದು ಮೇಲೇರುತ್ತ ಹೋದಂತೆ 65 ಯೋಜನೆಗಳು ಎದುರಾಗುತ್ತವೆ: ತನ್ನನ್ನು ತಿದ್ದಿಕೊಳ್ಳಲು, ಲೋಕವನ್ನು ತಿದ್ದಲು, ಹೊಸ ಯೋಜನೆಗಳು ಹುಟ್ಟುವಂತೆ ಮಾಡಲು. ಮರ, ರಟ್ಟು, ತಂತಿಯಂಥ ಬಡ ಸಾಮಗ್ರಿಯ ಮಾದರಿಗಳು, ಜೊತೆಗೆ ಅವುಗಳ ವಿವರಣೆ ಓದಲು ಮೇಜು, ಕುರ್ಚಿ.

ತನ್ನನ್ನು ತಿದ್ದಿಕೊಳ್ಳಲು ಹೇಳುವ ರೆಕ್ಕೆಯ ಯೋಜನೆಯ ಮುಂದೆ ಖಂಡಿತ ಕೂರಿ. ಬಿಳಿ ತೆಳುಬಟ್ಟೆಯ ಜೋಡಿ ರೆಕ್ಕೆ, ಕಟ್ಟಿಕೊಳ್ಳಲು ತೊಗಲಿನ ಪಟ್ಟಿ. ಕೋಣೆಯಲ್ಲಿ ಒಬ್ಬರೇ ಇದ್ದಾಗ ಅದನ್ನು ತೊಟ್ಟು 5–10 ನಿಮಿಷ ಏನೂ ಮಾಡದೆ ಮೌನವಾಗಿ ಕೂರಬೇಕು. ಆಮೇಲೆ ಕೋಣೆ ಬಿಡದೆ ಎಂದಿನ ಕೆಲಸ. ಎರಡು ಗಂಟೆ ಬಿಟ್ಟು ಮತ್ತೆ ತೊಡಬೇಕು. ದಿನವೂ ಹೀಗೆ ಮಾಡಿದರೆ ಎರಡು–ಮೂರು ವಾರದಲ್ಲಿ ಗುಣ ಕಾಣುತ್ತದಂತೆ! ಪಂಡಿತರು ಔಷಧಿ ಬರೆದುಕೊಟ್ಟಷ್ಟೇ ನಿಖರ, ಅಷ್ಟೇ ಅಕ್ಕರೆ. ಇನ್ನೊಂದರಲ್ಲಿ ದೇವದೂತನನ್ನು ಕಾಣಲು 1,200 ಮೀಟರ್ ಎತ್ತರದ ಏಣಿ ಹತ್ತಬೇಕು.

ಅರಮನೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ ಅನಿಸುತ್ತದೆ. ಮಾಸ್ಕೋದಲ್ಲಿ ಸ್ಟಾಲಿನ್ ಕಾಲದ ಸರ್ಕಾರ ಕಟ್ಟಹೊರಟಿದ್ದ ‘ಸೋವಿಯತ್ತುಗಳ ಅರಮನೆ’ ಎಂಬ ಭಾರಿ ಕಟ್ಟಡಕ್ಕೆ ಜಾಗ ಮಾಡಲು 1931ರಲ್ಲಿ ಕ್ರಿಸ್ತನ ಮಹಾಮಂದಿರವನ್ನು ಸಿಡಿಸಿ ಕೆಡವಿದರು. 400 ಮೀಟರಿಗೂ ಮಿಕ್ಕಿ ಏಳಬೇಕಿದ್ದ ಕಟ್ಟಡ ಏಳಲೇ ಇಲ್ಲ. ಕೊನೆಗೆ ಅದರ ತಳಪಾಯದ ಗುಂಡಿ ಈಜುಕೊಳವಾಯಿತು. ರೆಕ್ಕೆ ಕಟ್ಟಿಕೊಂಡವನಿಂದ ಯಾರ ಮನೆಯೂ ಉರುಳುವುದಿಲ್ಲ. ಕನಸು ಎಷ್ಟು ಜನರ ತಲೆಮೇಲೆ ಕಟ್ಟಬೇಕಾದದ್ದು ಎಂಬ ಪ್ರಶ್ನೆಯನ್ನು ಈ ಕೃತಿಯಷ್ಟು ಮೆಲ್ಲಗೆ, ಇಷ್ಟು ಆಳವಾಗಿ ಕೇಳಿದ್ದು ಅಪರೂಪ.

ಇಲ್ಲಿ ಆಗುವ ತಪ್ಪು ಒಂದೇ, ಅವಸರ. ಓದದೆ ಮಾದರಿಗಳನ್ನಷ್ಟೇ ನೋಡಿದರೆ ಶಾಲೆಯ ವಿಜ್ಞಾನ ಮೇಳ ಸುತ್ತಿದಂತಾಗುತ್ತದೆ. ಒಂದಕ್ಕೆ ಮೂರು ನಿಮಿಷ ಹಿಡಿದರೂ ಮೂರು ಗಂಟೆ ದಾಟುತ್ತದೆ. ಅಷ್ಟು ಸಮಯ ಇಲ್ಲದವರು ಹತ್ತನ್ನೇ ಆರಿಸಿಕೊಂಡು ಪೂರ್ತಿ ಓದಲಿ. ಎಸ್ಸೆನ್ ಮುಖ್ಯ ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ತ್ಸೋಲ್‌ಫೆರೈನ್‌ಗೆ ಹೋಗುತ್ತದೆ. ಗಣಿ ತೆರೆದಿದ್ದರೆ ಗೋದಾಮೂ ತೆರೆದಿರುತ್ತದೆ ಅಂದುಕೊಳ್ಳಬೇಡಿ, ಅದರ ವೇಳೆಯನ್ನು ಬೇರೆಯಾಗಿ ವಿಚಾರಿಸಿಕೊಂಡೇ ಹೊರಡಿ.